ಉಗುರಿನ ಲೆಕ್ಕ

ಹೊನ್ನಿಕೇರಿ ದಿಬ್ಬದ ಮೇಲೆ ಮಧ್ಯಾಹ್ನ ಎರಡೂವರೆ.
ಮುರುಮಿನ ನೆಲ ರೊಟ್ಟಿ ಹಂಚಿನಂತೆ ಕಾದಿದೆ.
ಎದೆಮಟ್ಟದ ಕರಡ ಒಣಗಿ ಬೆಳ್ಳಗಾಗಿ
ತನ್ನಷ್ಟಕ್ಕೆ ತಾನು ಸರಸರ ಮಾತಾಡಿಕೊಳ್ಳುತ್ತಿದೆ.
ವಾಚರ್ ಘಾಳೆಪ್ಪ ಒಂದು ಚಿಟಿಕೆ ಮಣ್ಣೆತ್ತಿ
ಬೆರಳ ಸಂದಿಯಿಂದ ಬಿಟ್ಟು ನೋಡುತ್ತಾನೆ:
"ಪಡುವಣದ್ದು ಅದ ರೀ ಮೇಡಮ್. ಇವತ್ತ ಬಿಡಂಗಿಲ್ಲ."

ನಾನು ಗಾರ್ಡ್ ಆಗಿ ಏಳು ತಿಂಗಳು.
ಬೆಂಕಿಯೆಂದರೆ ಒಲೆಯೊಳಗೆ ಕೂತು
ಹೇಳಿದಷ್ಟು ಉರಿಯುವುದು ಎಂದುಕೊಂಡಿದ್ದವಳು.

ಮೊದಲು ಕಂಡದ್ದು ಹೊಗೆಯಲ್ಲ, ಕಾಜಾಣಗಳು.
ಅಕ್ಕಿಕಾಳಿಗೆ ಮೊದಲೇ ಪಂಕ್ತಿಗೆ ಕೂತ ಬೀಗರಂತೆ
ಹಾರಿಬರುವ ಮಿಡತೆಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು.
ಆಮೇಲೆ ಸದ್ದು: ಯಾರೋ ಕೋರಾ ಬಟ್ಟೆ ಹರಿದಂತೆ,
ಹರಿಯುತ್ತಲೇ ಇದ್ದಂತೆ.

"ಬೆಂಕಿಗಿ ತನ್ನವು ಕಾಲಿಲ್ಲ ರೀ,
ಗಾಳಿ ಕಾಲು ಉದ್ರಿ ತಗೊಂಡು ಓಡ್ತದ.
ತೆಲಿ ಮುಂದ ನಿಂದ್ರಬ್ಯಾಡ್ರಿ.
ಬಗಲಾಗಿಂದ ಬಡೀಬೇಕು."

ತಲೆ ನಮ್ಮನ್ನು ನೋಡಲೇ ಇಲ್ಲ.
ತೆನೆಯಿಂದ ತೆನೆಗೆ ಜಿಗಿಯುತ್ತ
ಏರು ಸಿಕ್ಕಲ್ಲಿ ಇನ್ನೂ ಉದ್ದಕ್ಕೆ ಬಾಗಿ
ನಾನು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅದು ನಲವತ್ತು.
ಬಾಲ ಮಾತ್ರ ಗಾಳಿಗೆ ಎದುರಾಗಿ
ಗೇಣು ಗೇಣೇ ಸರಿಯುತ್ತ
ಹುಲ್ಲಿನ ಬುಡ ತಿನ್ನುತ್ತಿತ್ತು ಸಾವಕಾಶ,
ಹಲ್ಲಿಲ್ಲದವರು ಬೆಲ್ಲ ಚೀಪಿದ ಹಾಗೆ.

ಹಸಿ ಬೇವಿನ ಟೊಂಗೆಯಿಂದ ಬಡಿದೆವು:
ನಾನು, ಘಾಳೆಪ್ಪ, ತಾಂಡಾದ ಜಮಲಾಬಾಯಿ,
ಟ್ಯಾಂಕರ್ ದಾರಿಯಲ್ಲೇ ಬಿಟ್ಟು ಓಡಿಬಂದ ಮಸ್ತಾನ್.
ಹುಬ್ಬು ಸುಟ್ಟ ವಾಸನೆ ನನ್ನದೇ ಎಂದು
ಬಹಳ ಹೊತ್ತಿನ ಮೇಲೆ ತಿಳಿಯಿತು.

ಬೆಂಕಿಗೆರೆ ಇತ್ತು. ಎರಡು ಮಾರು ಅಗಲ,
ಕಾಗದದಲ್ಲಿ ಆರು.
ಹೊತ್ತಿದ ಒಂದು ಹುಲ್ಲುಕಡ್ಡಿ ಎದ್ದು
ಸುಮ್ಮನೆ ಆಚೆ ಹೋಗಿ ಬಿತ್ತು.

ಆಚೆ ನಮ್ಮ ಪ್ಲಾಂಟೇಶನ್.
ಎರಡು ವರ್ಷದ ಹೊಂಗೆ, ಬೇವು, ಕಮರ,
ಸಾಲು ಹಿಡಿದು ನಿಂತವು, ಹುಲ್ಲಿಗಿಂತ ಗಿಡ್ಡ.
ಮರವಾಗಿದ್ದರೆ ನೆರಳು ಚೆಲ್ಲಿ
ಹುಲ್ಲನ್ನು ತಾವೇ ಅಡಗಿಸುತ್ತಿದ್ದವು.
ಇನ್ನೂ ನಾಲ್ಕೈದು ಮಳೆಗಾಲ ಬೇಕಿತ್ತು ಅದಕ್ಕೆ.
ನಾವು ಗುಂಡಿ ತೋಡಿ ಗೊಬ್ಬರ ಸುರಿದು
ಒಂದು ದನವನ್ನೂ ಒಳಗೆ ಬಿಡದೆ ಕಾದ ನೆಲದಲ್ಲಿ
ಸಸಿಗಿಂತ ಚೆನ್ನಾಗಿ ಉಂಡು ಬೆಳೆದದ್ದು ಕರಡವೇ.

ಹನ್ನೊಂದು ನಿಮಿಷ.

ಕತ್ತಲಾಗಿ ಗಾಳಿ ಬಿದ್ದಿತು. ಉಳಿದ ಉರಿ ತಾನೇ ಮಲಗಿತು.
ಬೂದಿ ಮೇಲೆ ಉಕ್ಕುರುಗಾಲಲ್ಲಿ ಕೂತು ಜಮಲಾಬಾಯಿ ಅಂದಳು:
"ನಮ್ಮ ಅತ್ತಿ ಕಾಲ್ದಾಗ ನಾವೇ ಹಚ್ಚತಿದ್ವಿ,
ಇಬ್ಬನಿ ಇರೂತನಾ, ಒಂದೀಟ್ ಒಂದೀಟ್.
ಈಗ ಹಚ್ಚಿದ್ರ ಕೇಸು."
ಕೇಳಿಸಿಕೊಂಡೆ. ಬರೆದುಕೊಳ್ಳಲಿಲ್ಲ.

ಫಾರಂನಲ್ಲಿ ಸುಟ್ಟ ಸಸಿಗೆ ಕಾಲಮ್ ಇದೆ.
ಹುಲ್ಲಿಗೆ ಇಲ್ಲ. ಹುಲ್ಲಿಗೆ ಅದರ ಪರಿವೆಯೂ ಇಲ್ಲ;
ಉರಿ ಮೇಲೆ ಹಾದುಹೋಗುವಾಗ
ಅದರ ಜೀವ ಎರಡು ಬೆರಳು ಮಣ್ಣಿನಡಿ ತಣ್ಣಗಿತ್ತು.
ಹದಿನೈದನೇ ದಿನ, ಒಂದು ಹನಿ ಮಳೆಯಿಲ್ಲದೆ,
ಕಪ್ಪು ನೆಲದ ತುಂಬ ಗಿಳಿಹಸಿರು.
ಚಿಗರಿಗಳು ಬಂದವು, ಮರಿಗಳನ್ನೂ ಕರೆದುಕೊಂಡು,
ನಾವು ಲೆಕ್ಕ ಮಾಡುವುದನ್ನು ನೋಡುತ್ತ ಮೆಯ್ದವು.

ಸಸಿಗಳ ಗುಟ್ಟು ಬೇರೆ.
ಎಲೆ ಸೀದು ನಿಂತಾಗ
ಬದುಕಿದ್ದೂ ಸತ್ತದ್ದೂ ಒಂದೇ ಥರ.
ಬುಡದಲ್ಲಿ ತೊಗಟೆಯನ್ನು ಉಗುರಿಂದ ಕೆರೆಯಬೇಕು.
ಕಂದು ಕಂಡರೆ ಮುಗಿಯಿತು. ಹಸಿರಿದ್ದರೆ ಕಾಯಬಹುದು.
ಒಂದನೇ ಸಾಲು: ಕಂದು, ಕಂದು, ಕಂದು.
ಎರಡನೇ ಸಾಲು: ಕಂದು.
ಹಸಿರಿಗೊಂದು ಹರಳು ಜೇಬಿಗೆ ಹಾಕುತ್ತೇನೆಂದಿದ್ದ ಘಾಳೆಪ್ಪನ
ಅಂಗಿ ಸಂಜೆವರೆಗೂ ಹಗುರವಾಗಿಯೇ ಇತ್ತು.
"ತೊಗಲು ತೆಳ್ಳಗಿತ್ತ್ರಿ, ಏನ್ ಮಾಡ್ತಾವ ಪಾಪ,"
ಎಂದ, ತನ್ನ ಮೊಣಕೈ ಗುಳ್ಳೆ ಮುಟ್ಟಿಕೊಳ್ಳುತ್ತ.

ಕಾರಣ ಎಂಬಲ್ಲಿ 'ಗಾಳಿ' ಎಂದು ಬರೆದೆ.
ಸಾಹೇಬರು ಹೊಡೆದುಹಾಕಿ
'ಕಿಡಿಗೇಡಿಗಳು' ಎಂದು ತಿದ್ದಿದರು.

ರಾತ್ರಿ ಬುತ್ತಿ ಬಿಚ್ಚಿ ರೊಟ್ಟಿ ಮುರಿಯುವಾಗ ಕಂಡೆ:
ಹೆಬ್ಬೆರಳ ಉಗುರಿನಡಿ ಚೂರು ಹಸಿರು.
ಯಾವ ಸಾಲಿನದು, ಎಷ್ಟನೆಯ ಗಿಡದ್ದು,
ನೆನಪಾಗಲಿಲ್ಲ.
ಕೈ ತೊಳೆಯದೆ ಉಂಡೆ.